ಪಶು ಮಾದರಿಗಳಲ್ಲಿ ಬ್ಯಾಕ್ಟೀರಿಯಾದ ಹೆಸರು ತಪ್ಪಿದಾಗ: ಪ್ರಯೋಗಾಲಯಕ್ಕೊಂದು ದೋಷ ನಿವಾರಣೆ ಕೈಪಿಡಿ

ಕೆಚ್ಚಲು ಬಾವಿನ ಹಾಲಿನಿಂದಲೋ ಸತ್ತ ಕುರಿಯ ಹೃದಯದ ರಕ್ತದಿಂದಲೋ ಬೆಳೆಸಿದ ಬ್ಯಾಕ್ಟೀರಿಯಾಕ್ಕೆ ಪ್ರಯೋಗಾಲಯ ಕೊಟ್ಟ ಹೆಸರು ಪ್ರಾಣಿಯ ರೋಗಲಕ್ಷಣಕ್ಕೆ ಹೊಂದದೆ ಹೋದಾಗ, ಅಥವಾ ಒಂದೇ ಕಲ್ಚರಿನ ಮೇಲೆ ಮಾಡಿದ ಎರಡು ಪರೀಕ್ಷೆಗಳು ಒಂದಕ್ಕೊಂದು ವಿರುದ್ಧವಾದ ಉತ್ತರ ಕೊಟ್ಟಾಗ, ಹೆಚ್ಚಿನವರು ಮಾಡುವ ಕೆಲಸ ಕೊನೆಯ ಪರೀಕ್ಷೆಯನ್ನೇ ಮತ್ತೊಮ್ಮೆ ಮಾಡುವುದು. ಅದರಿಂದ ಒಂದು ದಿನವೂ ಒಂದು ಕಿಟ್ಟೂ ಖರ್ಚಾಗುತ್ತವೆಯೇ ಹೊರತು ದೋಷ ಸಿಗುವುದು ಅಪರೂಪ. ತಪ್ಪು ಹುಟ್ಟುವುದು ಬಹುಮಟ್ಟಿಗೆ ಮೊದಲ ಎರಡು ಮೂರು ಹಂತಗಳಲ್ಲಿ, ಅಂದರೆ ಮಾದರಿಯಲ್ಲಿ, ಕಲ್ಚರಿನ ಶುದ್ಧತೆಯಲ್ಲಿ ಅಥವಾ ಬ್ಯಾಕ್ಟೀರಿಯಾವನ್ನು ನೇರಳೆ (ಗ್ರಾಂ ಧನ) ಮತ್ತು ಕೆಂಪು (ಗ್ರಾಂ ಋಣ) ಎಂಬ ಎರಡು ಗುಂಪುಗಳಾಗಿ ಬೇರ್ಪಡಿಸುವ ಗ್ರಾಂ ಬಣ್ಣದಲ್ಲಿ. ಕೊನೆಯ ಪರೀಕ್ಷೆ ಆ ತಪ್ಪನ್ನು ಹೊರಗೆ ತೋರಿಸುತ್ತದೆ ಅಷ್ಟೇ. ಆದ್ದರಿಂದ ಈ ಕೈಪಿಡಿಯಲ್ಲಿ ದೋಷವನ್ನು ಬುಡದಿಂದ ಮೇಲಕ್ಕೆ ಹುಡುಕುವ ಕ್ರಮವನ್ನು ಕೊಡಲಾಗಿದೆ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಹಳ್ಳಿಗಳಿಂದ ಬರುವ ಮಾದರಿಗಳನ್ನು, ಅಂದರೆ ಕುರಿ, ಮೇಕೆ, ಹಸು, ಎಮ್ಮೆಗಳ ಮಾದರಿಗಳನ್ನು, ಗಮನದಲ್ಲಿಟ್ಟು ಬರೆದಿದ್ದೇನೆ.

ಯಾವುದನ್ನೂ ಪುನಃ ಮಾಡುವ ಮೊದಲು

ಮೊದಲು ಕೇಳಬೇಕಾದ ಪ್ರಶ್ನೆ ಕಲ್ಚರ್ ಶುದ್ಧವೇ ಎಂಬುದು. ಸಂದೇಹವಿರುವ ಕಲ್ಚರನ್ನು ರಕ್ತ ಅಗಾರಿನ (ರಕ್ತ ಬೆರೆಸಿದ ಗಟ್ಟಿ ಮಾಧ್ಯಮದ) ಮೇಲೆ ನಾಲ್ಕು ಭಾಗಗಳಾಗಿ ಎಳೆದು 24 ಗಂಟೆ ಇಟ್ಟು ನೋಡಿ, ಮತ್ತೆ 48 ಗಂಟೆಗೂ ನೋಡಿ. ಎರಡನೆಯ ಬಾರಿ ನೋಡುವುದು ಮುಖ್ಯ, ಏಕೆಂದರೆ ಮೇಕೆಯ ಕೀವಿನಲ್ಲಿ ಸಿಗುವ ಟ್ರೂಪೆರೆಲ್ಲಾ ಪಯೋಜೆನಿಸ್‌ನಂತಹವು ಮೊದಲ ದಿನ ಸೂಜಿಮೊನೆಯಷ್ಟೇ ಇದ್ದು, ಅವುಗಳ ಸುತ್ತಲಿನ ರಕ್ತ ಕರಗುವುದು ಎರಡನೆಯ ದಿನ ಸ್ಪಷ್ಟವಾಗುತ್ತದೆ. ಮ್ಯಾಕ್‌ಕಾಂಕಿ ಅಗಾರಿನಿಂದ (ಕೆಲವು ಬಗೆಯ ಜೀವಿಗಳನ್ನು ಮಾತ್ರ ಬೆಳೆಯಗೊಡುವ ಆಯ್ಕೆ ಮಾಧ್ಯಮದಿಂದ) ಎತ್ತಿದ ಕಾಲನಿ ನೋಡಲು ಒಂದೇ ಎನಿಸಿದರೂ, ಅದರಡಿಯಲ್ಲಿ ಬೆಳೆಯಲಾಗದೆ ಸುಮ್ಮನೆ ಬದುಕಿಕೊಂಡಿರುವ ಇತರ ಜೀವಿಗಳು ಇರಬಹುದು. ಆಯ್ಕೆ ಮಾಧ್ಯಮದಿಂದ ನೇರವಾಗಿ ಜೀವರಾಸಾಯನಿಕ ಪರೀಕ್ಷೆಗೆ ಹೋಗಬಾರದು ಎನ್ನುವುದಕ್ಕೆ ಕಾರಣ ಇದೇ. ಎರಡನೆಯದು ಕಲ್ಚರಿನ ವಯಸ್ಸು: 18ರಿಂದ 24 ಗಂಟೆಯದಾಗಿರಬೇಕು. ಮೂರನೆಯದು ಕಂಟ್ರೋಲ್ ತಳಿಗಳು, ಅಂದರೆ ಉತ್ತರ ಮೊದಲೇ ಗೊತ್ತಿರುವ ತಳಿಗಳು, ಆ ದಿನ ಸರಿಯಾದ ಉತ್ತರ ಕೊಟ್ಟವೇ ಎಂಬುದು. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಟಿಸಿಸಿ (ಅಮೆರಿಕದ ತಳಿ ಸಂಗ್ರಹ) 25923, ಎಶೆರಿಕಿಯಾ ಕೋಲೈ ಎಟಿಸಿಸಿ 25922 ಇವೆರಡಾದರೂ ಪ್ರತಿ ಪ್ರಯೋಗಾಲಯದ ಫ್ರಿಜ್ಜಿನಲ್ಲಿರಬೇಕು. ಕಂಟ್ರೋಲ್ ಇಲ್ಲದೆ ಓದಿದ ಪರೀಕ್ಷೆಯ ಮೇಲೆ ಚರ್ಚೆ ನಡೆಸುವುದೇ ವ್ಯರ್ಥವೆಂಬುದು ನನ್ನ ಅಭಿಪ್ರಾಯ.

ನೀರು ಮತ್ತು ಕರೆಂಟು ಎಂಬ ಎರಡು ಸ್ಥಳೀಯ ಕಾರಣಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಚಿತ್ರದುರ್ಗದ ಬೋರ್‌ವೆಲ್ ನೀರಿನ ಗಡಸುತನವೂ ಫ್ಲೋರೈಡೂ ಎಲ್ಲರಿಗೂ ಗೊತ್ತಿರುವವೇ. ಡಿಸ್ಟಿಲ್ಡ್ ವಾಟರ್ ಮುಗಿದ ದಿನ ನಲ್ಲಿಯ ನೀರಿನಲ್ಲಿ ಮಾಧ್ಯಮ ಕಲಸಿದರೆ ಲವಣಗಳು ತಳಕ್ಕೆ ಕೂರುತ್ತವೆ, ಪಿಎಚ್ ಬದಲಾಗುತ್ತದೆ, ಸಕ್ಕರೆ ಹುದುಗುವ ಪರೀಕ್ಷೆಗಳ ಬಣ್ಣ ನಂಬಲರ್ಹವಾಗಿ ಉಳಿಯುವುದಿಲ್ಲ. ರಾತ್ರಿ ಕರೆಂಟು ಹೋದರೆ ಇನ್‌ಕ್ಯುಬೇಟರಿನ ಉಷ್ಣತೆ ಎಷ್ಟಕ್ಕೆ ಇಳಿದಿತ್ತು ಎಂದು ಬೆಳಗ್ಗೆ ಹೇಳುವವರು ಯಾರೂ ಇರುವುದಿಲ್ಲ. ಕನಿಷ್ಠ ಹಾಗೂ ಗರಿಷ್ಠ ಎರಡನ್ನೂ ದಾಖಲಿಸುವ ಥರ್ಮಾಮೀಟರ್ ಒಳಗಿಟ್ಟರೆ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮಾದರಿಯೇ ದಾರಿ ತಪ್ಪಿಸಿದಾಗ

ಚಳ್ಳಕೆರೆ ಅಥವಾ ಮೊಳಕಾಲ್ಮುರು ಕಡೆಯ ಕಾವಲಿನಲ್ಲಿ ರಾತ್ರಿ ಸತ್ತ ಕುರಿಯ ಅಂಗಾಂಶ ಬೇಸಿಗೆಯ ಬಿಸಿಲಿನಲ್ಲಿ ಪ್ರಯೋಗಾಲಯ ತಲುಪುವಷ್ಟರಲ್ಲಿ, ಕರುಳಿನಿಂದ ಹೊರಟ ಎಶೆರಿಕಿಯಾ ಕೋಲೈ, ಪ್ರೋಟಿಯಸ್ ಮತ್ತು ಕ್ಲಾಸ್ಟ್ರಿಡಿಯಂಗಳು ಯಕೃತ್ತನ್ನೂ ಗುಲ್ಮವನ್ನೂ ಆವರಿಸಿರುತ್ತವೆ. ಅಂತಹ ಮಾದರಿಯಲ್ಲಿ ಕೋಲೈ ಬೆಳೆದರೆ ಗುರುತಿಸುವಿಕೆ ಸರಿಯೇ ಇರುತ್ತದೆ. ಕುರಿಯನ್ನು ಕೊಂದದ್ದು ಅದೇ ಎಂಬ ಅರ್ಥ ಮಾತ್ರ ತಪ್ಪು. ಪ್ರೋಟಿಯಸ್ ಇಡೀ ತಟ್ಟೆಯ ಮೇಲೆ ಹಾಸಿಕೊಂಡರೆ ಅದರಡಿಯಲ್ಲಿ ಏನಿದ್ದರೂ ಕಾಣುವುದಿಲ್ಲ; ಆಗ ಅದೇ ಮಾದರಿಯನ್ನು ಅಗಾರಿನ ಪ್ರಮಾಣ ಹೆಚ್ಚಿಸಿದ ರಕ್ತ ಅಗಾರಿನ ಮೇಲೂ ಮ್ಯಾಕ್‌ಕಾಂಕಿಯ ಮೇಲೂ ಹೊಸದಾಗಿ ಎಳೆಯಬೇಕು. ಗಳಲೆ ರೋಗದ (ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ತರುವ ಗಂಟಲು ಬೇನೆಯ) ಶಂಕೆ ಇದ್ದು ಶವ ಹಳೆಯದಾಗಿದ್ದರೆ ಉದ್ದ ಮೂಳೆಯೊಂದನ್ನು ಹಾಗೆಯೇ ಕಳುಹಿಸುವಂತೆ ಕ್ಷೇತ್ರದ ವೈದ್ಯರನ್ನು ಕೇಳಿಕೊಳ್ಳಿ. ಬೇರೆ ಅಂಗಗಳು ಕೊಳೆತ ಮೇಲೂ ಮಜ್ಜೆಯಲ್ಲಿ ಪಾಶ್ಚುರೆಲ್ಲಾ ಉಳಿದಿರುತ್ತದೆ.

ಹಾಲಿನ ಮಾದರಿಯಲ್ಲಿ ಒಂದೇ ತಟ್ಟೆಯ ಮೇಲೆ ಮೂರು ಅಥವಾ ಹೆಚ್ಚು ಬಗೆಯ ಕಾಲನಿಗಳು ಕಂಡರೆ ಅದನ್ನು ಕಲುಷಿತ ಮಾದರಿ ಎಂದು ಬರೆದು ಹೊಸ ಮಾದರಿ ಕೇಳಬೇಕು. ಅವುಗಳಲ್ಲಿ ಚೆನ್ನಾಗಿ ಕಂಡದ್ದೊಂದನ್ನು ಆರಿಸಿ ಹೆಸರಿಡುವುದು ಬೇಡ. ಮೊದಲ ಧಾರೆಗಳನ್ನು ಬಿಟ್ಟು, ಮೊಲೆತೊಟ್ಟಿನ ತುದಿಯನ್ನು 70 ಶೇಕಡಾ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಕೊಳೆ ಬಾರದಾಗುವವರೆಗೆ ಒರೆಸಿ, ಬಾಟಲಿಯನ್ನು ಓರೆಯಾಗಿ ಹಿಡಿದು ತೆಗೆದ ಹಾಲನ್ನು ಐಸ್ ಡಬ್ಬಿಯಲ್ಲಿಟ್ಟು 24 ಗಂಟೆಯೊಳಗೆ ಬಿತ್ತಬೇಕು. ಹಾಲು ಸೊಸೈಟಿಗೆ ಸುರಿಯುವ ಕ್ಯಾನಿನಿಂದ ತೆಗೆದ ಹಾಲು ಈ ಕೆಲಸಕ್ಕೆ ಬಾರದು. 0.01 ಮಿಲಿ ಲೀಟರ್ ಹಾಲು ಬಿತ್ತಿದಾಗ ಕಾಣುವ ಒಂದು ಕಾಲನಿ ಎಂದರೆ ಮಿಲಿ ಲೀಟರಿಗೆ ಸುಮಾರು 100 ಜೀವಿಗಳು ಎಂಬ ಲೆಕ್ಕವನ್ನೂ ನೆನಪಿಡಿ. ಸ್ಟ್ಯಾಫಿಲೊಕಾಕಸ್ ಆರಿಯಸ್ ಕೆಚ್ಚಲಿನಿಂದ ಬಿಟ್ಟು ಬಿಟ್ಟು ಹೊರಬೀಳುವುದರಿಂದ ಒಂದು ಸಲ ಏನೂ ಬೆಳೆಯಲಿಲ್ಲ ಎಂದರೆ ಅದಿಲ್ಲವೆಂದು ತೀರ್ಮಾನವಾಗುವುದಿಲ್ಲ.

ಹಠಾತ್ ಸಾವಿನ ಮಾದರಿ ಬಂದಾಗ ದೋಷ ಹುಡುಕುವುದಕ್ಕಿಂತ ಮೊದಲು ನೆರಡಿ ರೋಗದ (ಆಂಥ್ರಾಕ್ಸ್) ಸಾಧ್ಯತೆಯನ್ನು ಯೋಚಿಸಬೇಕು. ನೆರಡಿ ಶಂಕೆಯ ಶವವನ್ನು ಕೊಯ್ಯಬಾರದು, ಏಕೆಂದರೆ ಗಾಳಿ ತಾಗಿದೊಡನೆ ಬೀಜಕಣಗಳು ಹುಟ್ಟಿ ಆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಕಿವಿಯ ರಕ್ತನಾಳದಿಂದ ತೆಗೆದ ರಕ್ತಲೇಪ ಸಾಕು. ಆ ಲೇಪಕ್ಕೆ ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಹಾಕಿದಾಗ ನೀಲಿ ದಂಡಾಣುಗಳ ಸುತ್ತ ಗುಲಾಬಿ ಛಾಯೆಯ ಹೊದಿಕೆ ಕಾಣಬೇಕು. ಕಾಣದೇ ಹೋದರೆ ಮೊದಲು ಬಣ್ಣದ ಸೀಸೆಯನ್ನು ಅನುಮಾನಿಸಿ: ಹೊಸದಾಗಿ ಕಲಸಿದ ಮೆಥಿಲೀನ್ ಬ್ಲೂ ತಿಂಗಳುಗಟ್ಟಲೆ ಮಾಗದ ಹೊರತು ಈ ಛಾಯೆಯನ್ನು ಕೊಡುವುದಿಲ್ಲ. ಎರಡನೆಯ ಅನುಮಾನ, ಸಾಯುವ ಮುನ್ನ ಪೆನಿಸಿಲಿನ್ ಕೊಟ್ಟಿದ್ದರೇ ಎಂಬುದು. ಮೂರನೆಯದು ಶವ ಕೊಳೆತಿದ್ದು, ಲೇಪದಲ್ಲಿ ಕಾಣುವ ದೊಡ್ಡ ದಂಡಾಣುಗಳು ಹೊದಿಕೆಯಿಲ್ಲದ ಕ್ಲಾಸ್ಟ್ರಿಡಿಯಂಗಳಾಗಿರುವುದು.

ಗ್ರಾಂ ಬಣ್ಣ ಸುಳ್ಳು ಹೇಳಿದಾಗ

1884ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ ಪ್ರಕಟಿಸಿದ ಈ ವಿಧಾನದಲ್ಲಿ ಕೈತಪ್ಪುವ ಹಂತ ಇಂದಿಗೂ ಅದೇ, ಬಣ್ಣ ಬಿಡಿಸುವ ಹಂತ. ದಪ್ಪ ಲೇಪದಲ್ಲಿ ಗ್ರಾಂ ಋಣ ಜೀವಿ ನೇರಳೆಯಾಗಿ ಉಳಿಯುತ್ತದೆ. ಆಲ್ಕೋಹಾಲ್ ಅಥವಾ ಅಸಿಟೋನ್ ಹೆಚ್ಚು ಹೊತ್ತು ನಿಂತರೆ ಗ್ರಾಂ ಧನ ಜೀವಿಯೂ ಕೆಂಪಾಗುತ್ತದೆ. ಬ್ಯಾಸಿಲಸ್ ಮತ್ತು ಕ್ಲಾಸ್ಟ್ರಿಡಿಯಂಗಳು ಎರಡು ದಿನ ಹಳತಾದ ಕಲ್ಚರಿನಲ್ಲಿ ಕೆಂಪಾಗಿ ಕಾಣುವುದು ಸಾಮಾನ್ಯ. ಸಂದೇಹ ನಿವಾರಣೆಗೆ 3 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿಯಲ್ಲಿ ಕಾಲನಿಯನ್ನು ಕಲಸಿ ಲೂಪನ್ನು ಮೇಲಕ್ಕೆತ್ತಿ ನೋಡಿ. ಒಂದು ನಿಮಿಷದೊಳಗೆ ಬೆಲ್ಲದ ಪಾಕದಂತೆ ಎಳೆ ಬಂದರೆ ಜೀವಿ ಗ್ರಾಂ ಋಣ, ಬಾರದಿದ್ದರೆ ಬಹುಮಟ್ಟಿಗೆ ಗ್ರಾಂ ಧನ. ಈ ಹಂತದ ತಪ್ಪು ಮುಂದಿನ ಎಲ್ಲವನ್ನೂ ಕೆಡಿಸುತ್ತದೆ, ಏಕೆಂದರೆ ಯಾವ ಕಿಟ್ ಅಥವಾ ಗುರುತಿಸುವ ಯಂತ್ರಕ್ಕೆ ಯಾವ ಪರೀಕ್ಷಾ ಕಾರ್ಡ್ ಹಾಕಬೇಕೆಂಬುದನ್ನೇ ಗ್ರಾಂ ಬಣ್ಣ ನಿರ್ಧರಿಸುತ್ತದೆ, ಮತ್ತು ತಪ್ಪು ಕಾರ್ಡಿಗೆ ಹಾಕಿದ ಜೀವಿಗೂ ಯಂತ್ರ ಯಾವುದಾದರೂ ಒಂದು ಹೆಸರನ್ನು ಕೊಟ್ಟೇ ಕೊಡಬಹುದು.

ಟ್ರೂಪೆರೆಲ್ಲಾವನ್ನು ಸ್ಟ್ರೆಪ್ಟೊಕಾಕಸ್ ಎಂದು ಓದುವುದೂ ಇಲ್ಲಿಯೇ ನಡೆಯುವ ತಪ್ಪು: ಎರಡೂ ಕ್ಯಾಟಲೇಸ್ ಋಣ (ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಗುಳ್ಳೆ ಬರಿಸುವುದಿಲ್ಲ), ಎರಡೂ ರಕ್ತ ಕರಗಿಸುತ್ತವೆ, ಮತ್ತು ಟ್ರೂಪೆರೆಲ್ಲಾದ ಗಿಡ್ಡ ದಂಡಗಳು ಅವಸರದ ಕಣ್ಣಿಗೆ ದುಂಡಾಣುಗಳಂತೆಯೇ ಕಾಣುತ್ತವೆ.

ಕ್ಯಾಟಲೇಸ್, ಆಕ್ಸಿಡೇಸ್, ಕೋಯಾಗುಲೇಸ್

ಕ್ಯಾಟಲೇಸಿನಲ್ಲಿ ಸುಳ್ಳು ಧನಕ್ಕೆ ಮುಖ್ಯ ಕಾರಣ ರಕ್ತ ಅಗಾರಿನ ಕೆಂಪು ಕಣಗಳು ಕಾಲನಿಯ ಜೊತೆ ಬರುವುದು, ಏಕೆಂದರೆ ಆ ಕಣಗಳಲ್ಲಿಯೂ ಕ್ಯಾಟಲೇಸ್ ಇದೆ. ಸುಳ್ಳು ಋಣಕ್ಕೆ ಕಾರಣ ಹಳೆಯ ಹೈಡ್ರೋಜನ್ ಪೆರಾಕ್ಸೈಡ್. ದ್ರಾವಣ ಹಾಕಿದ ಕಾಗದ ನೇರಳೆಯಾಗುವುದೇ ಎಂದು ನೋಡುವ ಆಕ್ಸಿಡೇಸಿನಲ್ಲಿ ನಿಕ್ರೋಮ್ ತಂತಿಯ ಲೂಪ್ ಬಳಸಿದರೆ ತಂತಿಯೇ ಬಣ್ಣ ತರಿಸುತ್ತದೆ. ಮರದ ಕಡ್ಡಿ ಅಥವಾ ಪ್ಲಾಟಿನಂ ಲೂಪ್ ಬೇಕು. 10 ಸೆಕೆಂಡಿನೊಳಗೆ ಕಂಡದ್ದನ್ನು ಮಾತ್ರ ಓದಿ, ಏಕೆಂದರೆ ತಡವಾಗಿ ನೇರಳೆಯಾಗುವ ಕಾಗದ ಗಾಳಿಯ ಆಮ್ಲಜನಕಕ್ಕೆ ಉತ್ತರ ಕೊಡುತ್ತಿರುತ್ತದೆ. ಲ್ಯಾಕ್ಟೋಸ್ ಹುದುಗಿ ಆಮ್ಲವಾದ ಮ್ಯಾಕ್‌ಕಾಂಕಿ ಕಾಲನಿಯ ಮೇಲೆ ಆಕ್ಸಿಡೇಸ್ ಮಾಡಲೇಬಾರದು.

ಪ್ಲಾಸ್ಮಾ ಹೆಪ್ಪುಗಟ್ಟುವುದೇ ಎಂದು ನೋಡುವ ಕೋಯಾಗುಲೇಸಿನಲ್ಲಿ ಗೊಂದಲ ಹೆಚ್ಚು. ಕೊಳವೆ ಪರೀಕ್ಷೆಯನ್ನು ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಮಾತ್ರ ನೋಡುವವರಿಗೆ ನಿಜವಾದ ಸ್ಟ್ಯಾಫಿಲೊಕಾಕಸ್ ಆರಿಯಸ್ ಕೂಡ ಋಣವಾಗಿ ಕಾಣಬಹುದು, ಏಕೆಂದರೆ ಕೆಲವು ತಳಿಗಳ ಸ್ಟ್ಯಾಫಿಲೊಕೈನೇಸ್ ತಾನೇ ಕಟ್ಟಿದ ಹೆಪ್ಪನ್ನು ಮತ್ತೆ ಕರಗಿಸಿಬಿಡುತ್ತದೆ. 4 ಗಂಟೆಯವರೆಗೆ ನಡುನಡುವೆ ನೋಡಿ, ಋಣವಿದ್ದರೆ ಮಾತ್ರ 24 ಗಂಟೆಗೆ ಮತ್ತೆ ನೋಡಿ. ಸಿಟ್ರೇಟ್ ಹಾಕಿದ ಪ್ಲಾಸ್ಮಾದಲ್ಲಿ ಎಂಟರೊಕಾಕಸ್ ಸಿಟ್ರೇಟನ್ನು ತಿಂದು ಹೆಪ್ಪು ಕಟ್ಟಿಸಿ ಮೋಸ ಮಾಡುತ್ತದೆ. ಇಡಿಟಿಎ ಹಾಕಿದ ಮೊಲದ ಪ್ಲಾಸ್ಮಾದಲ್ಲಿ ಈ ತೊಂದರೆಯಿಲ್ಲ. ಮ್ಯಾನಿಟಾಲ್ ಉಪ್ಪಿನ ಅಗಾರ್ ಹಳದಿಯಾಯಿತೆಂದ ಮಾತ್ರಕ್ಕೆ ಆರಿಯಸ್ ಎಂದು ಬರೆಯುವ ಅಭ್ಯಾಸ ನಮ್ಮಲ್ಲಿ ಬಿಡದೆ ಉಳಿದಿದೆ. ಹಸುವಿನ ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್ ಕ್ಸೈಲೋಸಸ್ ಕೂಡ ಮ್ಯಾನಿಟಾಲ್ ಹುದುಗಿಸುತ್ತದೆ, ಮತ್ತು ಕ್ರೋಮೊಜೆನಿಸ್ ಪ್ರಭೇದದ ಕಾಲನಿಗಳೂ ಹಳದಿ ಬಣ್ಣದವೇ. ಈ ತಪ್ಪಿನಿಂದ ಗುಣವಾಗಬಹುದಾಗಿದ್ದ ಹಸುವನ್ನು ರೈತರು ಮಾರಿಬಿಡುವ ಪ್ರಸಂಗ ಬರುವುದರಿಂದ ಇದನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ.

ಪಾಶ್ಚುರೆಲ್ಲಾವೋ ಮ್ಯಾನ್‌ಹೀಮಿಯಾವೋ

ಕುರಿಯ ಶ್ವಾಸಕೋಶದಿಂದ ಬರುವ ಮಾದರಿಗಳಲ್ಲಿ ಅತಿ ಹೆಚ್ಚು ಗೊಂದಲ ಈ ಜೋಡಿಯದು, ಮತ್ತು ಅದಕ್ಕೆ ಅರ್ಧ ಕಾರಣ ನಾವು ಬಳಸುವ ಹಳೆಯ ಕೋಷ್ಟಕಗಳು. ಹಿಂದೆ ಪಾಶ್ಚುರೆಲ್ಲಾ ಹೀಮೋಲಿಟಿಕಾ ಎಂದಿದ್ದದ್ದು 1999ರಲ್ಲಿ ಮ್ಯಾನ್‌ಹೀಮಿಯಾ ಹೀಮೋಲಿಟಿಕಾ ಆಯಿತು. ಅದರ ಟ್ರೆಹಲೋಸ್ ಹುದುಗಿಸುವ ಗುಂಪು ಮೊದಲೇ ಬೇರೆ ಪ್ರಭೇದವಾಗಿ, 2007ರಲ್ಲಿ ಬಿಬರ್‌ಸ್ಟೈನಿಯಾ ಟ್ರೆಹಲೋಸಿ ಎಂಬ ಹೆಸರು ಪಡೆಯಿತು. ಹಳೆಯ ಕೋಷ್ಟಕದಲ್ಲಿ ಹುಡುಕಿದರೆ ಹೊಸ ಯಂತ್ರ ಕೊಟ್ಟ ಹೆಸರು ಸಿಗುವುದೇ ಇಲ್ಲ, ಆಗ ಎರಡರಲ್ಲೊಂದು ತಪ್ಪೆಂದು ಭಾವಿಸುತ್ತೇವೆ.

ಪಾಶ್ಚುರೆಲ್ಲಾ ಮಲ್ಟೊಸಿಡಾ ರಕ್ತವನ್ನು ಕರಗಿಸುವುದಿಲ್ಲ, ಮ್ಯಾಕ್‌ಕಾಂಕಿಯ ಮೇಲೆ ಬೆಳೆಯುವುದಿಲ್ಲ, ಟ್ರಿಪ್ಟೋಫಾನಿನಿಂದ ಇಂಡೋಲ್ ತಯಾರಿಸುತ್ತದೆ (ಇಂಡೋಲ್ ಧನ). ಮ್ಯಾನ್‌ಹೀಮಿಯಾ ರಕ್ತವನ್ನು ಕರಗಿಸುತ್ತದೆ, ಆದರೆ ಎಷ್ಟೋ ಸಲ ಕಾಲನಿಯ ಅಡಿಯಲ್ಲಿ ಮಾತ್ರ. ಕಾಲನಿಯನ್ನು ಒರೆಸಿ ನೋಡದವರಿಗೆ ಅದು ಕಾಣುವುದಿಲ್ಲ. ಮ್ಯಾಕ್‌ಕಾಂಕಿಯ ಮೇಲೆ ಅದು ಸಣ್ಣದಾಗಿ ಬೆಳೆಯಬಹುದು, ಇಂಡೋಲ್ ಋಣ. ಹೀಗಾಗಿ ಇಡೀ ತೀರ್ಮಾನ ಇಂಡೋಲಿನ ಮೇಲೆ ನಿಲ್ಲುವ ಸಂದರ್ಭ ಬರುತ್ತದೆ, ಮತ್ತು ಆ ಪರೀಕ್ಷೆ ಕೆಡುವ ದಾರಿಗಳು ಹಲವು: ಟ್ರಿಪ್ಟೋಫಾನ್ ಕಡಿಮೆಯಿರುವ ಅಗ್ಗದ ಪೆಪ್ಟೋನ್, ಕಂದು ಬಣ್ಣಕ್ಕೆ ತಿರುಗಿದ ಕೋವ್ಯಾಕ್ಸ್ ದ್ರಾವಣ, ಗ್ಲೂಕೋಸ್ ಇರುವ ಮಾಧ್ಯಮ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮ್ಯಾನ್‌ಹೀಮಿಯಾದ ಜೊತೆ ಕೋಲೈ ಬೆರೆತಿರುವುದು. ಇಂಡೋಲ್ ಧನ, ರಕ್ತ ಕರಗಿದೆ, ಮ್ಯಾಕ್‌ಕಾಂಕಿಯ ಮೇಲೆ ಗುಲಾಬಿ ಕಾಲನಿ ಎಂಬ ಮೂರೂ ಒಟ್ಟಿಗೆ ಕಂಡರೆ ಯಾವ ಕೋಷ್ಟಕವನ್ನೂ ತೆರೆಯದೆ ಮೊದಲು ಕಲ್ಚರನ್ನು ಮತ್ತೆ ಶುದ್ಧಗೊಳಿಸಿ. ಪಾಶ್ಚುರೆಲ್ಲಾದಲ್ಲಿ ಆಕ್ಸಿಡೇಸ್ ದುರ್ಬಲವಾಗಿ ಕಂಡರೆ ಡೈಮೀಥೈಲ್ ದ್ರಾವಣದ ಬದಲು ಟೆಟ್ರಾಮೀಥೈಲ್ ಬಳಸಿ ನೋಡಬಹುದು.

ಎರಡು ತುದಿಗಳಲ್ಲಿ ಬಣ್ಣ ಹಿಡಿದ ದಂಡಾಣುಗಳನ್ನು ರಕ್ತಲೇಪದಲ್ಲಿ ಕಂಡೊಡನೆ ಗಳಲೆ ಎಂದು ಬರೆಯುವುದೂ ಅವಸರವೇ. ಆ ನೋಟಕ್ಕೆ ಲೀಶ್‌ಮನ್ ಅಥವಾ ಮೆಥಿಲೀನ್ ಬ್ಲೂ ಬೇಕು, ಗ್ರಾಂ ಬಣ್ಣದಲ್ಲಿ ಅದು ಸ್ಪಷ್ಟವಿರುವುದಿಲ್ಲ. ಜೊತೆಗೆ ಬೇರೆ ಕೆಲವು ಗ್ರಾಂ ಋಣ ದಂಡಾಣುಗಳೂ ಹಾಗೆಯೇ ಕಾಣುತ್ತವೆ. ಕಲ್ಚರ್ ಅಥವಾ ಪಿಸಿಆರ್ (ಜೀವಿಯ ಡಿಎನ್‌ಎ ತುಣುಕನ್ನು ಹಲವು ಪಟ್ಟು ಹೆಚ್ಚಿಸಿ ಹುಡುಕುವ ಪರೀಕ್ಷೆ) ಜೊತೆಯಾದ ಮೇಲೆಯೇ ಲೇಪದ ನೋಟಕ್ಕೆ ಬೆಲೆ. ಮಲ್ಟೊಸಿಡಾದ ಕೆಎಂಟಿ1 ಎಂಬ ಡಿಎನ್‌ಎ ತುಣುಕಿನ ಪಿಸಿಆರಿನಲ್ಲಿ ಸುಮಾರು 460 ಬೇಸ್ ಜೋಡಿಗಳ ಪಟ್ಟಿ ಬರಬೇಕು. ಆದರೆ ಆ ಪಟ್ಟಿ ಪ್ರಭೇದವನ್ನು ಮಾತ್ರ ಹೇಳುತ್ತದೆ. ಆರೋಗ್ಯವಂತ ಪ್ರಾಣಿಯ ಮೂಗಿನಲ್ಲಿಯೂ ಇರಬಲ್ಲ ಈ ಜೀವಿ ಗಳಲೆ ತರುವ ಬಿ ಗುಂಪಿನದೇ ಎಂದು ತಿಳಿಯಲು ಕೋಶ ಹೊದಿಕೆಯ ಗುಂಪನ್ನು ಪ್ರತ್ಯೇಕವಾಗಿ ನೋಡಬೇಕು.

ಕೆಚ್ಚಲಿನ ಸ್ಟ್ರೆಪ್ಟೊಕಾಕಸ್ ಮತ್ತು ರಕ್ತದ ಪ್ರಶ್ನೆ

ಅಗಲಾಕ್ಟಿಯೇ ಪ್ರಭೇದವನ್ನು ಬೇರ್ಪಡಿಸುವ ಕ್ಯಾಂಪ್ ಪರೀಕ್ಷೆಯನ್ನು ಕ್ರಿಸ್ಟಿ, ಅಟ್ಕಿನ್ಸ್ ಮತ್ತು ಮುಂಕ್ ಪೀಟರ್ಸನ್ 1944ರಲ್ಲಿ ವಿವರಿಸಿದರು. ಸ್ಟ್ಯಾಫಿಲೊಕಾಕಸ್ ಗೆರೆಯ ಬಳಿ ರಕ್ತ ಕರಗಿ ಬಾಣದ ಮೊನೆಯ ಆಕಾರ ಮೂಡದಿದ್ದರೆ ಪರೀಕ್ಷಿಸುವ ಜೀವಿಗಿಂತ ಮೊದಲು ತಟ್ಟೆಯ ರಕ್ತವನ್ನು ನೋಡಿ. ಸ್ಟ್ಯಾಫಿಲೊಕಾಕಸಿನ ಬೀಟಾ ವಿಷ ಕೆಲಸ ಮಾಡುವುದು ಕುರಿ ಅಥವಾ ದನದ ಕೆಂಪು ಕಣಗಳ ಮೇಲೆ. ಅವಧಿ ಮೀರಿದ ಮಾನವ ರಕ್ತದ ಚೀಲವನ್ನು ರಕ್ತನಿಧಿಯಿಂದ ತಂದು ಮಾಡಿದ ಅಗಾರಿನಲ್ಲಿ ಈ ಪರೀಕ್ಷೆಯನ್ನು ನಂಬಲಾಗದು, ಮೇಲಾಗಿ ಅದರಲ್ಲಿ ಸಿಟ್ರೇಟೂ ಪ್ರತಿಕಾಯಗಳೂ ಇರುತ್ತವೆ. ಕುರಿಗಳಿಗೆ ಬರವಿಲ್ಲದ ನಮ್ಮ ಜಿಲ್ಲೆಗಳಲ್ಲಿ ಮಾನವ ರಕ್ತದ ಅಗಾರ್ ಬಳಸಲು ಸಬೂಬೇ ಇಲ್ಲ. ಗಾಜಿನ ಮಣಿಗಳೊಡನೆ ಅಲುಗಿಸಿ ನಾರು ತೆಗೆದ ಕುರಿ ರಕ್ತ ಬಳಸಿ, ಆದರೆ ಆ ಕುರಿಗೆ ಇತ್ತೀಚೆಗೆ ಆ್ಯಂಟಿಬಯಾಟಿಕ್ ಕೊಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ. ಇಲ್ಲವಾದರೆ ಆ ಔಷಧ ತಟ್ಟೆಯೊಳಗೂ ಬರುತ್ತದೆ.

ಯೂಬೆರಿಸ್ ಪ್ರಭೇದದ ಕೆಲವು ತಳಿಗಳೂ ಕ್ಯಾಂಪ್ ಧನ. ಆದ್ದರಿಂದ ಎಸ್ಕುಲಿನ್ ಜೊತೆಗಿರಲಿ: ಯೂಬೆರಿಸ್ ಎಸ್ಕುಲಿನನ್ನು ಒಡೆದು ಕಪ್ಪು ಮಾಡುತ್ತದೆ, ಅಗಲಾಕ್ಟಿಯೇ ಮತ್ತು ಡಿಸ್‌ಗಲಾಕ್ಟಿಯೇ ಮಾಡುವುದಿಲ್ಲ. ಎಂಟರೊಕಾಕಸ್ ಕೂಡ ಕಪ್ಪು ಮಾಡುವುದರಿಂದ 6.5 ಶೇಕಡಾ ಉಪ್ಪಿನಲ್ಲಿ ಬೆಳೆಯುತ್ತದೆಯೇ ಎಂದು ನೋಡಿ ಅದನ್ನು ಬೇರ್ಪಡಿಸಬೇಕು.

ಗಾಳಿ ಸೇರದ ಜೀವಿಗಳು

ಚಪ್ಪೆ ರೋಗದ (ಬ್ಲ್ಯಾಕ್ ಕ್ವಾರ್ಟರ್) ಸ್ನಾಯುವಿನಿಂದ ಕ್ಲಾಸ್ಟ್ರಿಡಿಯಂ ಚೋವಿಯೈ ಬೆಳೆಯದೆ ಸೆಪ್ಟಿಕಂ ಬೆಳೆದರೆ ಆಶ್ಚರ್ಯಪಡಬೇಕಿಲ್ಲ. ಸೆಪ್ಟಿಕಂ ಸಾವಿನ ನಂತರ ಕರುಳಿನಿಂದ ವೇಗವಾಗಿ ಹರಡುತ್ತದೆ, ತಟ್ಟೆಯ ಮೇಲೆಯೂ ಹಾಸಿಕೊಂಡು ನಿಧಾನವಾದ ಚೋವಿಯೈಯನ್ನು ಮುಚ್ಚುತ್ತದೆ. ಸಕ್ಕರೆಗಳಲ್ಲಿ ಚೋವಿಯೈ ಸುಕ್ರೋಸನ್ನು ಹುದುಗಿಸಿ ಸಾಲಿಸಿನನ್ನು ಬಿಡುತ್ತದೆ, ಸೆಪ್ಟಿಕಂ ಇದಕ್ಕೆ ತದ್ವಿರುದ್ಧ; ಎರಡೂ ಹುದುಗಿದರೆ ಕಲ್ಚರ್ ಬೆರಕೆ ಎಂದು ತಿಳಿಯಿರಿ. ಏನೂ ಬೆಳೆಯದಿದ್ದರೆ ಗಾಳಿಯ ಆಮ್ಲಜನಕ ತೆಗೆಯುವ ಜಾರನ್ನು ಪರೀಕ್ಷಿಸಿ. ಸೂಚಕ ಪಟ್ಟಿಯ ನೀಲಿ ಬಣ್ಣ ಹೋಗಿರಬೇಕು. ಹೋಗದಿದ್ದರೆ ಪಲ್ಲಾಡಿಯಂ ಗುಳಿಗೆಗಳು ತೇವ ಹಿಡಿದಿರಬಹುದು, ಅವುಗಳನ್ನು 160 ಡಿಗ್ರಿಯ ಒಣ ಶಾಖದಲ್ಲಿ ಎರಡು ಗಂಟೆ ಇಟ್ಟು ಚೇತರಿಸಬೇಕು. ಬೆಳೆದದ್ದನ್ನೆಲ್ಲ ಗಾಳಿಯಲ್ಲಿಯೂ ಒಮ್ಮೆ ಬೆಳೆಸಿ ನೋಡದೆ ಕ್ಲಾಸ್ಟ್ರಿಡಿಯಂ ಎನ್ನಬೇಡಿ.

ಕುರಿಗಳ ಕರುಳುಬೇನೆಯಲ್ಲಿ ದೋಷ ಇರುವುದು ಪರೀಕ್ಷೆಯ ಆಯ್ಕೆಯಲ್ಲಿಯೇ. ದಾವಣಗೆರೆ ಸುತ್ತ ಮೆಕ್ಕೆಜೋಳ ಕೊಯ್ದ ಹೊಲಗಳಲ್ಲಿ ಮಂದೆ ಬಿಟ್ಟಾಗ ಉದುರಿದ ತೆನೆ ತಿಂದ ಕುರಿ "ರಾತ್ರಿ ಚೆನ್ನಾಗಿ ಮೇದಿತ್ತು ಸಾರ್, ಬೆಳಗ್ಗೆ ಬಿದ್ದಿತ್ತು" ಎಂದು ಕುರಿಗಾಹಿ ಹೇಳಿದರೆ, ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಬೆಳೆಸಿ ತೋರಿಸುವುದರಿಂದ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಆರೋಗ್ಯವಂತ ಕುರಿಯ ಕರುಳಿನಲ್ಲಿಯೂ ಅದಿದೆ. ಸತ್ತ ಕೆಲವೇ ಗಂಟೆಗಳಲ್ಲಿ ತೆಗೆದು ತಣ್ಣಗಿಟ್ಟ ಕರುಳಿನ ದ್ರವದಲ್ಲಿ ಎಪ್ಸಿಲಾನ್ ವಿಷ ಇದೆಯೇ ಎಂದು ನೋಡಬೇಕು. ಪಿಸಿಆರಿನಿಂದ ಡಿ ಬಗೆಯ ಜೀನು ಸಿಕ್ಕರೂ ಅದು ಪೂರಕ ಸಾಕ್ಷ್ಯ ಮಾತ್ರ.

ಕಿಟ್, ಮಾಲ್ಡಿ ಟಾಫ್, ಪಿಸಿಆರ್

ಕಿಟ್ಟು ಕೊಡುವ 99 ಶೇಕಡಾ ಎಂಬ ಅಂಕಿ, ತನ್ನ ಪಟ್ಟಿಯಲ್ಲಿರುವ ಪ್ರಭೇದಗಳ ನಡುವಿನ ಸಂಭವನೀಯತೆಯೇ ಹೊರತು ಸತ್ಯದ ಪ್ರಮಾಣವಲ್ಲ. ಪಟ್ಟಿಯಲ್ಲಿಲ್ಲದ ಪಶು ಜೀವಿ ಬಂದಾಗ ಹತ್ತಿರದ ಮಾನವ ರೋಗಕಾರಕದ ಹೆಸರು ಬರುತ್ತದೆ. ಮಾಲ್ಡಿ ಟಾಫ್ ಎಂಬುದು ಜೀವಿಯ ಪ್ರೋಟೀನುಗಳ ತೂಕ ನೋಡಿ ಹೆಸರು ಹೇಳುವ ಯಂತ್ರ. ಮಾಲ್ಡಿ ಟಾಫ್‌ನ ಬಳಕೆಯಲ್ಲಿರುವ ಒಂದು ವ್ಯವಸ್ಥೆಯಲ್ಲಿ 2.0 ಅಥವಾ ಹೆಚ್ಚಿನ ಅಂಕ ಪ್ರಭೇದಕ್ಕೂ, 1.7ರಿಂದ 2.0ರವರೆಗಿನದು ಕುಲಕ್ಕೂ ಒಪ್ಪಿತ; ಅಂಕ ಕಡಿಮೆ ಬಂದರೆ ತಾಜಾ ಕಲ್ಚರ್, ತೆಳ್ಳಗಿನ ಲೇಪ, ಫಾರ್ಮಿಕ್ ಆಮ್ಲದ ಹನಿ ಈ ಮೂರನ್ನು ಕ್ರಮವಾಗಿ ಸರಿಪಡಿಸಿ. ಎಶೆರಿಕಿಯಾ ಕೋಲೈ ಮತ್ತು ಶಿಗೆಲ್ಲಾವನ್ನು ಆ ಯಂತ್ರ ಸುಲಭವಾಗಿ ಬೇರ್ಪಡಿಸುವುದಿಲ್ಲ. ಕರುವಿನ ಭೇದಿಯಲ್ಲಿ ಶಿಗೆಲ್ಲಾ ಎಂದು ಬಂದರೆ ಲ್ಯಾಕ್ಟೋಸ್ ಮತ್ತು ಚಲನೆಯನ್ನು ನೋಡಿ. ಬ್ಯಾಕ್ಟೀರಿಯಾ ಗುರುತಿಸಲು ಓದುವ 16ಎಸ್ ಜೀನಿನ ಅನುಕ್ರಮಕ್ಕೂ ಇದೇ ಮಿತಿ: ಬ್ಯಾಸಿಲಸ್ ಆಂಥ್ರಾಸಿಸ್ ಮತ್ತು ಸೀರಿಯಸ್ ಅದರಲ್ಲಿ ಒಂದೇ ಎನ್ನುವಷ್ಟು ಹತ್ತಿರ. ಅಲ್ಲಿ ಚಲನೆ, ರಕ್ತ ಕರಗುವಿಕೆ, ಪೆನಿಸಿಲಿನ್ ಸಂವೇದನೆಯಂತಹ ಹಳೆಯ ಪರೀಕ್ಷೆಗಳೇ ಹೆಚ್ಚು ನೆರವಿಗೆ ಬರುತ್ತವೆ.

ಪಿಸಿಆರಿನಲ್ಲಿ ಪಟ್ಟಿ ಬಾರದಿದ್ದರೆ ಡಿಎನ್‌ಎಯನ್ನು ಹತ್ತು ಪಟ್ಟು ತೆಳುಗೊಳಿಸಿ ಮತ್ತೆ ಮಾಡಿ. ರಕ್ತದ ಹೀಮ್ ಮತ್ತು ಸಗಣಿಯ ಪಿತ್ತ ಲವಣಗಳು ಕಿಣ್ವವನ್ನು ತಡೆಯುತ್ತವೆ, ತೆಳುಗೊಳಿಸಿದಾಗ ಪಟ್ಟಿ ಮೂಡಿದರೆ ಕಾರಣ ಅದೇ. ಮಾದರಿಯಿಲ್ಲದ ಕೊಳವೆಯಲ್ಲಿಯೂ ಪಟ್ಟಿ ಬಂದರೆ ಆ ದಿನದ ಎಲ್ಲ ಧನ ಫಲಿತಾಂಶಗಳನ್ನೂ ಬದಿಗಿಡಬೇಕು.

ಬ್ರೂಸೆಲ್ಲಾ ಎಂಬ ಅಪಾಯ

ಕಂದು ಹಾಕಿದ ಹಸುವಿನ ಮಾಸು ಅಥವಾ ಭ್ರೂಣದ ಹೊಟ್ಟೆಯ ದ್ರವದಿಂದ, ಎರಡು ಮೂರು ದಿನಗಳ ಮೇಲೆ ಕಾಣಿಸಿಕೊಂಡ ಸಣ್ಣ ಕಾಲನಿಗಳು ಆಕ್ಸಿಡೇಸ್, ಕ್ಯಾಟಲೇಸ್, ಯೂರಿಯೇಸ್ ಮೂರರಲ್ಲೂ ಧನವಾಗಿ, ಗ್ರಾಂ ಋಣ ಗಿಡ್ಡ ದಂಡಗಳಾಗಿದ್ದರೆ ದೋಷ ಹುಡುಕುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ. ಕೆಲವು ಕಿಟ್‌ಗಳು ಬ್ರೂಸೆಲ್ಲಾವನ್ನು ಮೊರಾಕ್ಸೆಲ್ಲಾ ಅಥವಾ ಓಕ್ರೊಬ್ಯಾಕ್ಟ್ರಂ ಎಂದು ಹೆಸರಿಸಿದ ಪ್ರಸಂಗಗಳಿವೆ. ಆ ಹೆಸರನ್ನು ನಂಬಿ ತೆರೆದ ಮೇಜಿನ ಮೇಲೆ ಮುಂದುವರಿದ ಪ್ರಯೋಗಾಲಯ ಸಿಬ್ಬಂದಿಗೆ ಸೋಂಕು ತಗುಲಬಹುದು. ತಟ್ಟೆಯನ್ನು ಮೂಸಿ ನೋಡುವ ಹಳೆಯ ರೂಢಿಯಂತೂ ಸಂಪೂರ್ಣ ನಿಲ್ಲಬೇಕು. ತಟ್ಟೆಗಳಿಗೆ ಟೇಪು ಸುತ್ತಿ, ಇಳಿಜಾರು ಅಗಾರಿನ ಕೊಳವೆಯಲ್ಲಿರುವ ಕಲ್ಚರನ್ನು ಮೂರು ಪದರದ ಹೊದಿಕೆಯಲ್ಲಿಟ್ಟು, ಮೊದಲೇ ಫೋನ್ ಮಾಡಿ ತಿಳಿಸಿ, ಅಂತಹ ಜೀವಿಯನ್ನು ನಿಭಾಯಿಸುವ ಸೌಕರ್ಯವಿರುವ ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಕ್ಷೇತ್ರದ ವೈದ್ಯರಿಗೆ ಅಲ್ಲಿಯವರೆಗೆ "ಬ್ರೂಸೆಲ್ಲಾ ಶಂಕೆ, ದೃಢೀಕರಣ ಬಾಕಿ" ಎಂದಷ್ಟೇ ಬರೆಯಿರಿ. ಜೊತೆಗೆ ಆ ಮನೆಯವರು ಹಸಿ ಹಾಲು ಕುಡಿಯಬಾರದು, ಮಾಸನ್ನು ಬರಿಗೈಯಲ್ಲಿ ಎತ್ತಬಾರದು ಎಂಬ ಮಾತನ್ನು ವರದಿಯ ಕಾಗದ ತಲುಪುವವರೆಗೆ ಕಾಯದೆ ಅದೇ ಫೋನಿನಲ್ಲಿ ಹೇಳಿ.